ಡಿಗ್ರಜೆ ಕುಲದ ನಿಂತ ರತ್ನ

ಸಾಂಗಲಿಯ ಗಣಪತಿ ಪೇಟೆಯಿಂದ ಮಿರಜದ ರೈಲು ನಿಲ್ದಾಣದವರೆಗಿನ ಆರು ಮೈಲಿಯಲ್ಲಿ ಶಿದ್ರಾಮ ಡಿಗ್ರಜೆ ಕುಳಿತದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕೃಷ್ಣೆ ಉಕ್ಕಿ ಅರ್ಧ ಸಾಂಗಲಿ ಮಾಳಿಗೆ ಹತ್ತಿ ಕುಳಿತ ವರ್ಷ ಶಿದ್ರಾಮ ಕೆಳಗೆ ಮೊಣಕಾಲು ನೀರಿನಲ್ಲಿ ನಿಂತಿದ್ದ. ಮಿರಜದ ಸಂಗೀತ ಸಭೆಗಳಲ್ಲಿ ವಿಲಂಬಿತ ಖ್ಯಾಲು ಒಂದು ಗಂಟೆ ದಾಟಿ, ರಸಿಕರು ಮೊದಲು ಲೋಡಿಗೆ ಒರಗಿ, ಆಮೇಲೆ ಜಮಖಾನೆಗೆ ಒರಗಿ, ಕೊನೆಗೆ ಪಕ್ಕದ ರಸಿಕರಿಗೇ ಒರಗಿದಾಗಲೂ ಶಿದ್ರಾಮ ಹಿಂದಿನ ಕಂಬದ ಬಳಿ ಗುಡಿಯ ಮುಂದಿನ ದೀಪಸ್ತಂಭದ ಹಾಗೆ ನೆಟ್ಟಗೆ ನಿಂತಿರುತ್ತಿದ್ದ. ಕುಂಭೋಜದ ಬಾಹುಬಲಿಯೂ ನಿಂತೇ ಇದ್ದಾನೆ, ನಿಜ. ಆದರೆ ಅವನು ಅಮೃತಶಿಲೆ. ಇವನಿಗೆ ಇದ್ದದ್ದು ಎರಡು ಸಣಕಲು ಕಾಲು, ಅದರ ಮೇಲೆ ಬಳ್ಳಿಯ ಹಾಗೆ ಹಬ್ಬಿದ ನೀಲಿ ನರ.

ಇಂಥ ಅದ್ಭುತಕ್ಕೆ ಕಾರಣ ಹುಡುಕದೆ ಬಿಡುವಷ್ಟು ಸೋಮಾರಿಗಳು ಆ ಕಡೆಯವರಲ್ಲ. ಒಬ್ಬ ದೊಡ್ಡ ಉಸ್ತಾದರು ಸಾಯುವಾಗ ಇವನಿಂದ ಆಣೆ ಮಾಡಿಸಿಕೊಂಡರೆಂದು ತಂಬೂರಿ ಮಾಡುವ ಓಣಿಯವರು ಹೇಳುತ್ತಿದ್ದರು. ಮಿರಜ ಡಾಕ್ಟರರ ಊರಾದ್ದರಿಂದ ಅಲ್ಲಿಯ ಚಹದಂಗಡಿಗಳಲ್ಲಿ ಬೇರೆ ಕತೆ ಇತ್ತು: ಇವನ ಸೊಂಟ, ತೊಡೆ ಎರಡೂ ಸೇರಿ ಒಂದೇ ಎಲುಬು, ಅದರ ಎಕ್ಸರೇ ವಿಲಾಯತಿಗೆ ಹೋಗಿದೆ. ಜೈನ ಬಸದಿಯ ಕಟ್ಟೆಯ ಮೇಲೆ ಕೂರುವ ಹಿರಿಯರಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ಒಂದೇ ಮಾತು ಹೇಳುತ್ತಿದ್ದರು: “ನೇಮ ಐತಿ. ಯಾವದೋ ಮುನಿಗಳ ಕಡೆ ತೊಗೊಂಡಾನ.”

ನಲವತ್ತು ವರ್ಷ ಈ ಪವಾಡ ಯಾವ ಉಪಯೋಗಕ್ಕೂ ಬರದೆ ಸುಮ್ಮನೆ ನಿಂತಿತ್ತು. ಅದನ್ನು ಉಪಯೋಗಕ್ಕೆ ಹಚ್ಚಿದ ಕೀರ್ತಿ ಬಾಬಾಸಾಹೇಬ ಡಿಗ್ರಜೆಯವರಿಗೆ ಸಲ್ಲಬೇಕು.

ಬಾಬಾಸಾಹೇಬರು ನೀರಾವರಿ ಕಚೇರಿಯ ನಿವೃತ್ತ ಹೆಡ್ ಕ್ಲಾರ್ಕು. ಕಸಬೆ ಡಿಗ್ರಜದ ರಸ್ತೆ ಬದಿಯ ಹೊಲ ಪ್ಲಾಟುಗಳಾದ ಮೇಲೆ ವಿಶ್ರಾಮಬಾಗದಲ್ಲಿ ಹೊಸದಾಗಿ ಎದ್ದ ‘ಸನ್ಮತಿ ಹೈಟ್ಸ್’ನ ನಾಲ್ಕನೆಯ ಮಹಡಿಗೆ ಬಂದಿದ್ದರು. ಅಷ್ಟು ಎತ್ತರಕ್ಕೆ ಏರಿದ ಮನುಷ್ಯನಿಗೆ ತನ್ನ ಬೇರು ಎಲ್ಲಿದೆ ಎಂಬ ಚಿಂತೆ ಹತ್ತುವುದು ಸಹಜ. ಅದಕ್ಕೆ ಸರಿಯಾಗಿ ಎದುರು ಫ್ಲ್ಯಾಟಿನ ನಿವೃತ್ತ ಪ್ರಾಧ್ಯಾಪಕರ ಟೀಪಾಯಿಯ ಮೇಲೆ ಕೆಂಪು ರಟ್ಟಿನ, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಬಿದ್ದಿರುತ್ತಿತ್ತು. ಅದು ಅವರ ಕುಲವೃತ್ತಾಂತ. ಅವರ ಅಡ್ಡಹೆಸರಿನವರು ಯಾವ ಊರಿನಿಂದ ಹೊರಟರು, ಯಾರಿಗೆ ಯಾರು ಹುಟ್ಟಿದರು, ಯಾರು ಕಲೆಕ್ಟರರಾದರು ಎಲ್ಲ ಅದರಲ್ಲಿತ್ತು. ಬಾಬಾಸಾಹೇಬರು ಅಲ್ಲಿ ಚಹ ಕುಡಿಯಲು ಹೋದಾಗಲೆಲ್ಲ ಆ ಪುಸ್ತಕ ಅವರನ್ನು ನೋಡಿ ನಗುತ್ತಿತ್ತು.

‘ಡಿಗ್ರಜೆ ಕುಲವೃತ್ತಾಂತ’ ಹುಟ್ಟಿದ್ದು ಹಾಗೆ. ಬಾಬಾಸಾಹೇಬರು ಸಮಿತಿ ಮಾಡಿದರು, ತಾವೇ ಸಂಪಾದಕರಾದರು. ಪುಸ್ತಕದ ಪ್ರಕಾಶನಕ್ಕೆ ತೊಂಬತ್ತೇಳರ ಡಿಸೆಂಬರಿನ ಒಂದು ಭಾನುವಾರ ಡಿಗ್ರಜೆಗಳ ಮೇಳಾವಾ, ಅಂದರೆ ಕುಲದವರೆಲ್ಲರ ಕೂಟ, ಎಂದು ಗೊತ್ತು ಮಾಡಿದರು. ಉಳಿದ ಕುಲಗಳಿಗೆ ಒಬ್ಬ ಮಹಾಪುರುಷ ಸಿಕ್ಕರೆ ಅದೇ ಪುಣ್ಯ. ಪತ್ರಿಕೆಗಳನ್ನು ಕತ್ತರಿಸಿ ಅಂಟಿಸಿದ ಬಾಬಾಸಾಹೇಬರಿಗೆ ಮೂವರು ಸಿಕ್ಕಿದ್ದರು. ಪುಣೆಯ ಸುತ್ತಲ ಮಾಳಗಳಲ್ಲಿ ಜೋಳ ಬಿತ್ತುವುದನ್ನು ನಿಲ್ಲಿಸಿ ಇಂಜಿನಿಯರಿಂಗ್ ಕಾಲೇಜು ಬಿತ್ತಿದ ಡಾಕ್ಟರ್ ಧೋಂಡಪ್ಪ ಡಿಗ್ರಜೆ. ಮುಂಬಯಿಯ ಗವಾಯಿ ಪಂಡಿತ ಗಂಗಾರಾಮ ಡಿಗ್ರಜೆ. ಹಿಂದಿ ಸಿನೆಮಾಗಳಲ್ಲಿ ನಾಯಕನ ಕೈಯಿಂದ ಮೊಟ್ಟಮೊದಲ ಪೆಟ್ಟು ತಿನ್ನುವ ಗೌರವ ಪಡೆದಿದ್ದ ಪಂಕಜ ಡಿಗ್ರಜೆ. ಶಿಕ್ಷಣ, ಸಂಗೀತ, ಸಿನೆಮಾ! ಬಾಬಾಸಾಹೇಬರು ಈ ಮೂವರಿಗೆ ‘ರತ್ನತ್ರಯ’ ಎಂದು ಹೆಸರಿಟ್ಟರು. ಜೈನ ಧರ್ಮದಲ್ಲಿ ಆ ಹೆಸರಿಗೆ ಬೇರೆ ಅರ್ಥವಿದೆ ಎಂದು ಯಾರೋ ಗೊಣಗಿದರು. ಆದರೆ ಮುಖಪುಟ ಅಷ್ಟರಲ್ಲಿ ಅಚ್ಚಾಗಿತ್ತು.

ಈ ಮೂವರಲ್ಲಿ ಒಬ್ಬರನ್ನೂ ಬಾಬಾಸಾಹೇಬರು ಜನ್ಮದಲ್ಲಿ ನೋಡಿರಲಿಲ್ಲ. ನೋಡದೆಯೂ ನಡೆಯುತ್ತಿತ್ತು, ಮಗಳ ಮದುವೆಯ ಮಾತು ನಡುವೆ ಬರದಿದ್ದರೆ.

ಮಗಳು ಮೃಣಾಲ ಮಿರಜದಲ್ಲಿ ಹಲ್ಲಿನ ಡಾಕ್ಟರನಾಗಿದ್ದ ಎಳೆಯ ಅಭಿಜಿತ ಖೋತನ ಜೊತೆ ವಿಶ್ರಾಮಬಾಗದ ಹೋಟೆಲುಗಳಲ್ಲಿ ಎರಡು ವರ್ಷ ಕಾಫಿ ಕುಡಿದು, ಇನ್ನು ತಂದೆ ತಾಯಿಗಳೇ ತಮ್ಮನ್ನು ಹುಡುಕಿ ಗಂಟು ಹಾಕಿದಂತೆ ಕಾಣಬೇಕೆಂದು ತೀರ್ಮಾನಿಸಿದ್ದಳು. ಅಭಿಜಿತನ ತಂದೆ ಕವಲಾಪುರದ ಜ್ಯೋತೆಪ್ಪ ಖೋತರು. ಅವರಿಗೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು, ಹೊಸ ಬಿಳಿ ಕಾರು ಇದ್ದವು. ಕೀರ್ತಿ ಒಂದು ಇರಲಿಲ್ಲ. ಅದನ್ನು ಬೀಗರ ಕಡೆಯಿಂದ ತರಬೇಕೆಂದಿದ್ದರು. ಇನ್ನೊಂದು ಸಂಗತಿ: ಜ್ಯೋತೆಪ್ಪನವರಿಗೆ ನೇಮಗಳ ಹುಚ್ಚು. ಪ್ರತಿ ಚಾತುರ್ಮಾಸದಲ್ಲಿ ಮುನಿಗಳೆದುರು ಕೈಮುಗಿದು ಏನಾದರೊಂದನ್ನು ಬಿಡುವ ನೇಮ ಹಿಡಿಯುತ್ತಿದ್ದರು. ಒಂದು ವರ್ಷ ಬಟಾಟೆ, ಒಂದು ವರ್ಷ ಉಳ್ಳಾಗಡ್ಡಿ, ಒಂದು ವರ್ಷ ಸಿಟ್ಟು. ಹದಿನೈದು ದಿನ ದಾಟಿದ್ದು ಒಂದೂ ಇರಲಿಲ್ಲ. ಆದ್ದರಿಂದಲೇ ನೇಮ ಹಿಡಿದು ಬಿಡದವರನ್ನು ಕಂಡರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಜ್ಯೋತೆಪ್ಪನವರು ಸೋಫಾದಲ್ಲಿ ಅರ್ಧ ಮುಳುಗಿ ಅವಲಕ್ಕಿಯ ಬಶಿ ಖಾಲಿ ಮಾಡಿದರು.

“ಹುಡುಗಿ ಬರೋಬ್ಬರಿ ಐತಿ. ನಮ್ಮ ಅಭಿಜಿತಗಂತೂ ಹುಚ್ಚು ಹಿಡದೈತಿ. ಆದ್ರ ಬಾಬಾಸಾಹೇಬ, ನಿಮ್ಮ ಮನಿತನದಾಗ ಹೇಳ್ಕೊಳ್ಳುವಂಥಾವ್ರು ಯಾರರ ಅದಾರೇನು?”

ಬಾಬಾಸಾಹೇಬರು ಮೂರು ಹೆಸರು ಹೇಳಿದರು. ಹೇಳುವಾಗ ನಾಲಿಗೆ ಜಾರಿ “ನಮ್ಮ ಗಂಗಾರಾಮ ಕಾಕಾ” ಎಂದೂ ಬಂದುಬಿಟ್ಟಿತು.

ಜ್ಯೋತೆಪ್ಪನವರು ಬಶಿ ಕೆಳಗಿಟ್ಟರು. “ಹಂಗಾರ ಮೇಳಾವಾದಾಗ ಮೂರೂ ಮಂದಿನ್ನ ಸ್ಟೇಜಿನ ಮ್ಯಾಲ ತೋರಸ್ರಿ. ಅಲ್ಲೇ ಸುಪಾರಿ ಒಡ್ಯೂಣು. ಇಲ್ಲಂದ್ರ ಮಾಲಗಾಂವದ್ದೊಂದು ಹುಡುಗಿ ಐತಿ. ಅವರ ಸೋದರಮಾವ ಇಲೆಕ್ಷನ್ನಿನ್ಯಾಗ ಆರಿಸಿ ಬಂದು ಆಮದಾರ ಆಗ್ಯಾನ.”

ಮೃಣಾಲ ಒಳಗಿನಿಂದ ಇದನ್ನು ಕೇಳಿದಳು. ಸುಪಾರಿ, ಅಂದರೆ ನಿಶ್ಚಯದ ಅಡಿಕೆ, ಒಡೆದರೆ ಮದುವೆ ಗಟ್ಟಿ, ಒಡೆಯದಿದ್ದರೆ ಎರಡು ವರ್ಷದ ಕಾಫಿ ನೀರು. ಅವಳು ಬಾಗಿಲಿಗೆ ಬಂದು ಅಪ್ಪನ ಮುಖ ನೋಡಿದಳು. ಅಪ್ಪ ಚಾವಣಿ ನೋಡಿದರು.

ಆಮೇಲೆ ಬಾಬಾಸಾಹೇಬರು ದಂಡಯಾತ್ರೆ ಹೊರಟರು. ಮೊದಲು ಪುಣೆಗೆ ರಿಜಿಸ್ಟರ್ಡ್ ಪತ್ರ ಹೋಯಿತು. ಇಪ್ಪತ್ತು ದಿನಕ್ಕೆ ಧೋಂಡಪ್ಪನವರ ಕಾರ್ಯದರ್ಶಿಯ ಉತ್ತರ ಬಂತು: ಡಾಕ್ಟರ್ ಸಾಹೇಬರ ಪೂರ್ವಜರು ಮೌಜೆ ಡಿಗ್ರಜದವರು, ಕಸಬೆ ಡಿಗ್ರಜದವರಲ್ಲ. ಈ ಎರಡು ಊರುಗಳ ನಡುವಿನ ದೂರವನ್ನು ಎಮ್ಮೆ ಒಂದು ಹೊತ್ತಿನ ಮೇವು ಮುಗಿಸುವುದರೊಳಗೆ ದಾಟುತ್ತದೆ. ಆದರೆ ಆ ಎಮ್ಮೆ ಕಾಲೇಜು ತೆರೆದಿರಲಿಲ್ಲ.

ಆಮೇಲೆ ಎಸ್.ಟಿ.ಡಿ. ಬೂತಿಗೆ ಹೋಗಿ ಪಂಡಿತ ಗಂಗಾರಾಮರಿಗೆ ಫೋನು ಮಾಡಿದರು. ಫೋನೆತ್ತಿದ ಶಿಷ್ಯ ವಿಷಯ ಕೇಳಿ ಒಳಗೆ ಹೋದ. ಒಳಗೆ ಯಾರೋ ನಕ್ಕದ್ದು ಬೂತಿನ ಮಾಲೀಕನಿಗೂ ಕೇಳಿಸಿತು. ಶಿಷ್ಯ ಹಿಂದಿರುಗಿ ಗಂಭೀರವಾಗಿ ಹೇಳಿದ: “ಗುರುಜಿಗೆ ಕುಲ ಇಲ್ಲ. ಘರಾಣಾ ಮಾತ್ರ ಇದೆ.” ಫೋನು ಕಟ್ಟಾಯಿತು.

ಮೂರನೆಯ ರತ್ನಕ್ಕಾಗಿ ಬಾಬಾಸಾಹೇಬರು ಸ್ವತಃ ರೈಲು ಹತ್ತಿದರು. ಮುಂಬಯಿಯ ಒಂದು ಸ್ಟುಡಿಯೋದ ಹೊರಗೆ ನಾಲ್ಕು ತಾಸು ಬಿಸಿಲಲ್ಲಿ ಕಾದರು. ಯಾರೂ ಒಳಗೆ ಕರೆಯಲಿಲ್ಲ. ನಿಂತು ನಿಂತು ಅವರ ಕಾಲು ಬಾತುಕೊಂಡಿತು. ಇಂಥ ಅವಮಾನ ಡಿಗ್ರಜೆ ಕುಲದ ಯಾರಿಗೂ ಎಂದೂ ಆಗಿರಲಿಕ್ಕಿಲ್ಲ ಎಂದು ಅವರಿಗೆ ಅನಿಸಿತು. ಕೊನೆಗೆ ಹಣೆಯ ಮೇಲೆ ಕೆಂಪು ಬಣ್ಣದ ಗಾಯ ಮಾಡಿಕೊಂಡಿದ್ದ ಪಂಕಜ ಡಿಗ್ರಜೆ ಬಂದ. ಆರು ಅಡಿಯ ಪಂಜಾಬಿ ಅವನು. ಹಿಂದಿಯಲ್ಲಿ, ಬಹಳ ಪ್ರೀತಿಯಿಂದ, ತನ್ನ ಹೆಸರಿನ ಕತೆ ಹೇಳಿದ. ಕೊಲ್ಹಾಪುರಕ್ಕೆ ಶೂಟಿಂಗಿಗೆ ಬಂದವನು ಸಾಂಗಲಿಯ ಕಡೆ ಸುತ್ತಾಡುತ್ತಿದ್ದಾಗ ನಿರ್ಮಾಪಕರು ಕಾರಿನಲ್ಲಿ, ನಿನ್ನ ಹೆಸರು ಖಳನಿಗೆ ಒಪ್ಪುವುದಿಲ್ಲ, ಬದಲಿಸು ಎಂದಿದ್ದರಂತೆ. ಕಿಟಕಿಯಿಂದ ಹೊರಗೆ ನೋಡಿದಾಗ ಒಂದು ಮೈಲುಗಲ್ಲು ಕಂಡಿತಂತೆ. “ಅದರ ಮೇಲೆ ಡಿಗ್ರಜ ಅಂತ ಬರೆದಿತ್ತು, ಕೇಳಿದರೆ ಭಯ ಆಗುತ್ತಿತ್ತು,” ಎಂದ.

ಬಾಬಾಸಾಹೇಬರು ಮನೆಗೆ ಬಂದು ಮುಸುಕು ಹಾಕಿ ಮಲಗಿದರು. ಮೇಳಾವಾಕ್ಕೆ ಹನ್ನೆರಡು ದಿನ ಉಳಿದಿತ್ತು. ಐನೂರು ಮುಖಪುಟಗಳು ಮೂಲೆಯಲ್ಲಿದ್ದವು. ಹೆಂಡತಿ ಮಾಣಿಕಬಾಯಿ ಲಿಂಬೆ ಶರಬತ್ತು ತಂದಿಟ್ಟರು. ಮೃಣಾಲ ತಂದಿದ್ದು ಮಾತು.

“ಪಪ್ಪಾ, ಮೂರೂ ಗೇಲೇ, ಹೋದ್ವು. ಈಗ ಯಾರನ್ನ ನಿಂದ್ರಸ್ತೀರಿ ಸ್ಟೇಜ್ ಮ್ಯಾಲ? ವಾಚಮನ್‌ಗ? ಅವಂದೂ ಡಿಗ್ರಜೇನ ಐತಿ, ರಜಿಸ್ಟರ್ ನೋಡ್ರಿ.”

ಸಿಟ್ಟಿಗೆ ಆಡಿದ ಮಾತು ಅದು. ಬಾಬಾಸಾಹೇಬರು ಮುಸುಕು ತೆಗೆದರು.

ಸನ್ಮತಿ ಹೈಟ್ಸ್‌ನ ಗೇಟಿನಲ್ಲಿ ಖಾಕಿ ಅಂಗಿ ತೊಟ್ಟು ಒಂದು ವರ್ಷದಿಂದ ನಿಂತಿದ್ದವನು ಮತ್ತಾರೂ ಅಲ್ಲ, ಶಿದ್ರಾಮನೇ. ಅವನಿಗಿಂತ ಮೊದಲಿನ ವಾಚಮನ್ ಸ್ಟೂಲಿನ ಮೇಲೆ ಕೂತು ತೂಕಡಿಸಿದನೆಂದು ಅಪಾರ್ಟ್‌ಮೆಂಟಿನ ಸಂಘ ಠರಾವು ಮಾಡಿ ಸ್ಟೂಲನ್ನು ಟೆರೇಸಿಗೆ ಸಾಗಿಸಿತ್ತು. ಠರಾವು ಮಂಡಿಸಿದ ಕಾರ್ಯದರ್ಶಿ ಬಾಬಾಸಾಹೇಬರೇ. ಹೊಸಬ ಒಂದು ದಿನವೂ ಸ್ಟೂಲು ಕೇಳಲಿಲ್ಲವಲ್ಲ ಎಂದು ಅವರಿಗೆ ಆಗಾಗ ಬೆರಗಾಗುತ್ತಿತ್ತು. ಆ ಬೆರಗಿಗೆ ಈಗ ಅರ್ಥ ಹೊಳೆಯಿತು. ನಿಂತ ಡಿಗ್ರಜೆಯ ದಂತಕತೆ ಅವರೂ ಕೇಳಿದ್ದರು. ಅದು ತಮ್ಮ ಗೇಟಿನಲ್ಲೇ ಸಲಾಮು ಹೊಡೆಯುತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅವರು ಬರೆಯುವ ವಹಿ ಹಿಡಿದು, ಚಪ್ಪಲಿ ಮೆಟ್ಟಿ ಕೆಳಗಿಳಿದು ಪಾರ್ಕಿಂಗಿನ ಕಟ್ಟೆಯ ಮೇಲೆ ಕುಳಿತರು. ಶಿದ್ರಾಮ ಎದುರಿಗೆ ಬಂದು ನಿಂತ.

“ಶಿದ್ರಾಮ, ನೀನೂ ಡಿಗ್ರಜೆ ಏನೋ?”

“ಹೌದ್ರಿ ಸಾಹೇಬ್ರ.”

“ಆ ಅಡ್ಡಹೆಸರು ನಿಮಗ ಹೆಂಗ ಬಂತು?”

“ಸಾಲಿ ಮಾಸ್ತರ್ ಬರದ್ರಿ. ನಮ್ಮಪ್ಪ ಅಥಣಿ ಕಡಿಂದ ನಿಮ್ಮ ಅಜ್ಜಾರ ಹೊಲಕ್ಕ ದುಡ್ಯಾಕ ಬಂದಿದ್ದ. ಮಾಸ್ತರ್ ‘ಯಾವೂರೋ’ ಅಂದ್ರು. ನಮ್ಮಪ್ಪ ತಾ ನಿಂತ ನೆಲಾ ತೋರಸಿದ. ಅದನ್ನ ಬರಕೊಂಡ್ರು.”

ಬಾಬಾಸಾಹೇಬರು ವಹಿಯಲ್ಲಿ ‘ದೂರದ ಶಾಖೆ’ ಎಂದು ಗುರುತು ಮಾಡಿಕೊಂಡರು. ಆ ದೂರ ಎಷ್ಟೆಂದರೆ, ಡಿಗ್ರಜದ ಅವರ ವಾಡೆಯ ಹಿಂಬಾಗಿಲಿನಿಂದ ಊರ ಹೊರಗಿನ ಕೇರಿಗೆ ಇನ್ನೂರು ಹೆಜ್ಜೆ.

“ಇದಕ್ಕೂ ಮೊದಲ ಏನು ಮಾಡ್ತಿದ್ದಿ?”

“ಟಾಕೀಜಿನ್ಯಾಗ ಬ್ಯಾಟರಿ ಹಿಡೀತಿದ್ನಿರಿ, ಮಿರಜದಾಗ. ಮಂದೀಗೆ ಸೀಟು ತೋರಸೂದು. ಕೇಬಲ್ ಬಂತು, ಟಾಕೀಜು ಮುಚ್ಚಿತು. ಈಗಲ್ಲಿ ಫ್ರಿಜ್ ಮಾರತಾರ.”

ಬಾಬಾಸಾಹೇಬರ ಪೆನ್ನು ನಿಂತಿತು. ಸಿನೆಮಾ!

“ಅದಕ್ಕೂ ಮೊದಲ?”

“ತಂಬೂರಿ ಕಾರಖಾನಿಯೊಳಗ ಹದಿನೈದು ವರ್ಷ. ಸೋರೆ ಬುರುಡಿ ಹೊರೂದು, ಒಣಗಿಸೂದು. ಕಾರ್ಯಕ್ರಮ ಇದ್ರ ತಂಬೂರಿ ಮುಟ್ಟಸೂದು, ಹಾಡು ಮುಗಿಯೂತನ ಕಂಬದ ಹತ್ರ ಕಾಯೂದು, ತಿರುಗಿ ತರೂದು. ಆಮ್ಯಾಲ ಕರೆಂಟಿನ ತಂಬೂರಿ ಡಬ್ಬಿ ಬಂತು. ಮಾಲಕ್ರು ನನ್ನ ಬಿಡಸಿದ್ರು.”

ಸಂಗೀತ! ಬಾಬಾಸಾಹೇಬರು ವಹಿಯಲ್ಲಿ ಎರಡು ಗೆರೆ ಎಳೆದರು. ಮುಂದಿನ ಪ್ರಶ್ನೆಯನ್ನು ಅವರು ದೇವರ ಹೆಸರು ಹೇಳಿ ಕೇಳಿದರು.

“ಅದಕ್ಕೂ ಮೊದಲ... ಏನರ... ಸಾಲಿ, ಕಾಲೇಜು...?”

“ಕಾಲೇಜಿನ್ಯಾಗ ಘಂಟಿ ಹೊಡೀತಿದ್ನಿರಿ, ಹದಿಮೂರು ವರ್ಷ. ಕರೆಂಟಿನ ಘಂಟಿ ಬಂತು.”

ಜಗತ್ತಿಗೆ ಕರೆಂಟು ಕೊಟ್ಟವರು ಶಿದ್ರಾಮನ ಹೊಟ್ಟೆಯ ಮೇಲೆ ಕಣ್ಣಿಟ್ಟೇ ಈ ಕೆಲಸ ಮಾಡಿದರೋ ಏನೋ. ಆದರೆ ಬಾಬಾಸಾಹೇಬರಿಗೆ ಅದು ಕಾಣಲಿಲ್ಲ. ಅವರಿಗೆ ಕಂಡದ್ದು ಮೂಲೆಯಲ್ಲಿದ್ದ ಐನೂರು ಮುಖಪುಟಗಳು. ಅವರು ಎದ್ದು ಶಿದ್ರಾಮನ ಎರಡೂ ತೋಳು ಹಿಡಿದರು. ಹಿಡಿದ ಮೇಲೆ ಆ ಕೇರಿ ನೆನಪಾಗಿ ಕೈ ಬಿಟ್ಟರು.

“ಮತ್ತ ನಿಂದು ಆ ನೇಮ ಐತೆಲ್ಲ, ಕುಂದ್ರದ್ದು...”

“ನೇಮ ಅಂದ್ರ ಸಾಹೇಬ್ರ...”

“ಹೇಳಬ್ಯಾಡ!” ಬಾಬಾಸಾಹೇಬರು ಕಿವಿ ಮುಚ್ಚಿಕೊಂಡರು. “ಬಾಯಿ ಬಿಟ್ಟು ಹೇಳಿದ್ರ ಫಲಾ ಹೋಗತೈತಿ. ಮೇಳಾವಾಕ್ಕ ಬಾ. ಸತ್ಕಾರ ಐತಿ ನಿಂದು.”

ಶಿದ್ರಾಮ ಗೇಟಿನ ಕಡೆ ತಿರುಗಿ ನೋಡಿದ. “ಆ ದಿವಸ ಗೇಟಿಗೆ ಯಾರ್ರಿ?”

ಅಷ್ಟರಲ್ಲಿ ಅವನ ಮಗ ಸಂಘರ್ಷ ಬುತ್ತಿ ಕೊಡಲು ತನ್ನ ಆರು ಸೀಟಿನ ರಿಕ್ಷಾ ತಂದು ಗೇಟಿಗೆ ನಿಲ್ಲಿಸಿದ. ಸತ್ಕಾರದ ಸುದ್ದಿ ಕೇಳಿ ಬಾಬಾಸಾಹೇಬರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ.

“ಅಪ್ಪಾ, ಹುಷಾರ. ಇವ್ರು ಕರದಾರಂದ್ರ ಏನರ ಎತ್ತಿಡೂದು ಇರತೈತಿ.”

ಮೇಲೆ ಫ್ಲ್ಯಾಟಿನ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಶಿದ್ರಾಮನ ಹೆಂಡತಿ ಅಂಜನಾಬಾಯಿ. ಸುದ್ದಿ ಅವಳಿಗೆ ಮಾಣಿಕಬಾಯಿಯಿಂದ ತಿಳಿಯಿತು. ಅವಳು ಬೋಗುಣಿ ಬಿಟ್ಟು ನಕ್ಕಳು.

“ನೇಮಾ? ಅಂವಂದಾ? ಮನ್ಯಾಗ ಒಮ್ಮೆ ಕುಂತ್ರ ಎಬ್ಬಸಾಕ ಕ್ರೇನ್ ತರಸಬೇಕ್ರಿ ಬಾಯಾರ!”

ಬಾಬಾಸಾಹೇಬರು ಇದನ್ನು ಕೇಳಿದರು, ಬರೆದುಕೊಳ್ಳಲಿಲ್ಲ. ಗಂಡನ ಬಗ್ಗೆ ಹೆಂಡತಿ ಹೇಳುವ ಸಾಕ್ಷಿಯನ್ನು ಯಾವ ಇತಿಹಾಸಕಾರನೂ ನಂಬಬಾರದು ಎಂಬುದು ಅವರು ಸ್ವಂತ ಅನುಭವದಿಂದ ಕಲಿತ ಪಾಠ.

ಮೂರು ದಿನದಲ್ಲಿ ಅವರು ಮೂರು ಅಧ್ಯಾಯ ಬರೆದರು. ಒಂದೂ ಸುಳ್ಳಿರಲಿಲ್ಲ. ಶಿಕ್ಷಣದಲ್ಲಿ: “ಹದಿಮೂರು ವರ್ಷ ಒಂದು ಇಡೀ ಮಹಾವಿದ್ಯಾಲಯ ಇವರ ಸೂಚನೆಯಂತೆ ಎದ್ದಿತು, ಕುಳಿತಿತು. ಪ್ರಾಚಾರ್ಯರೂ ಇವರ ಮಾತು ಮೀರುತ್ತಿರಲಿಲ್ಲ.” ಸಂಗೀತದಲ್ಲಿ: “ನಾಡಿನ ಮಹಾನ್ ಗವಾಯಿಗಳು ಇವರು ಕೈಗಿತ್ತ ಶ್ರುತಿಯ ಮೇಲೆಯೇ ಹಾಡಿದರು.” ಸಿನೆಮಾದಲ್ಲಿ: “ಬೆಳಕಿನ ವಿಭಾಗದಲ್ಲಿ ಒಂಬತ್ತು ವರ್ಷ. ಕತ್ತಲೆಯಲ್ಲಿ ದಾರಿ ತಪ್ಪಿದ ಸಾವಿರಾರು ಜನರಿಗೆ ಅವರವರ ಸ್ಥಾನ ತೋರಿಸಿದರು.” ಕೊನೆಗೆ ನೇಮದ ಬಗ್ಗೆ ಒಂದು ಪುಟ. ಅದರಲ್ಲಿ ಬಾಹುಬಲಿ ನಾಲ್ಕು ಸಲ ಬಂದಿದ್ದ.

ಸಮಿತಿಯಲ್ಲಿ ಊಟ ಮತ್ತು ಮಂಟಪದ ಹೊಣೆ ಹೊತ್ತಿದ್ದ ಸಿದರಾಯ ಡಿಗ್ರಜೆ ಒಬ್ಬನೇ ತಕರಾರು ತೆಗೆದ.

“ಕಾಕಾ, ಅಂವ ನಮ್ಮಾಂವ ಹೆಂಗ ಆಗ್ತಾನ?”

“ಆಗೂದಿಲ್ಲ. ಒಂದು ದಿವಸದ ಮಾತು. ಸುಪಾರಿ ಒಡೀಲಿ, ಆಮ್ಯಾಲ ಎರಡನೇ ಆವೃತ್ತಿಯೊಳಗ ತಗದ್ರಾತು.”

“ಮತ್ತ ಪಂಗತಿಯೊಳಗ ನಮ್ಮ ಸಾಲಿನ್ಯಾಗ ಕುಂದ್ರೂದು?”

“ಹುಚ್ಚಾ, ಅಂವ ಕುಂದ್ರೂದೇ ಇಲ್ಲಲ್ಲ!”

ಸಿದರಾಯನಿಗೆ ಸಮಾಧಾನವಾಯಿತು. ಶಿದ್ರಾಮನ ನೇಮ ಎಲ್ಲರಿಗೂ ಎಷ್ಟು ಅನುಕೂಲವಾಗಿದೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಸ್ಟೇಜಿನ ಮೇಲೆ ಎಷ್ಟು ಕುರ್ಚಿ ಎಂದು ಕೇಳಿದ. ಐದು ಎಂದರು ಬಾಬಾಸಾಹೇಬರು: ಅಧ್ಯಕ್ಷರಿಗೆ, ತಮಗೆ, ಬೀಗರಿಗೆ, ಊರಿನ ಇಬ್ಬರು ಹಿರಿಯರಿಗೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಶ್ರಾಮಬಾಗದ ಮಂಗಲ ಕಾರ್ಯಾಲಯ ಡಿಗ್ರಜೆಗಳಿಂದ ತುಂಬಿತು. ಅಷ್ಟು ಮಂದಿ ಡಿಗ್ರಜೆಗಳು ಒಂದೇ ಸೂರಿನಡಿ ಸೇರಿದ್ದು ಹಿಂದೆ ಒಮ್ಮೆ ಮಾತ್ರ. ಅದು ಹೊಲದ ಬದುವಿನ ವ್ಯಾಜ್ಯಕ್ಕೆ, ಕೋರ್ಟಿನಲ್ಲಿ. ಇಂದು ಎಲ್ಲರೂ ಒಬ್ಬ ಮೂಲಪುರುಷನ ಮಕ್ಕಳೆಂಬ ಪ್ರೀತಿಯಿಂದ ಮುಂದಿನ ಸಾಲಿನ ಕುರ್ಚಿಗಾಗಿ ಮೊಣಕೈ ಬೀಸುತ್ತಿದ್ದರು. ಬಟ್ಟೆಯ ಬ್ಯಾನರಿನ ಮೇಲೆ ‘ರತ್ನತ್ರಯ’ ಎಂದಿತ್ತು, ಅದರ ಕೆಳಗೆ ಶಿಕ್ಷಣ, ಸಂಗೀತ, ಸಿನೆಮಾ ಎಂಬ ಮೂರು ಫಲಕ. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಮೃಣಾಲ, ಮೂರು ಕುರ್ಚಿಯಾಚೆ ಅಭಿಜಿತ. ಸ್ಟೇಜಿನ ಮೇಜಿನ ಮೇಲೆ ಬೆಳ್ಳಿಯ ತಾಟು, ತಾಟಿನಲ್ಲಿ ಒಂದು ಅಡಿಕೆ, ಅದನ್ನು ಕತ್ತರಿಸುವ ಅಡಕೊತ್ತು.

ಜ್ಯೋತೆಪ್ಪನವರು ವೇದಿಕೆ ಹತ್ತಿ ಕುರ್ಚಿಯಲ್ಲಿ ಇಳಿದು, ಎಡಕ್ಕೆ ಬಲಕ್ಕೆ ನೋಡಿದರು.

“ಮೂರು ಮಂದಿ ಅಂದಿದ್ರಿ. ಒಬ್ಬನ ಕಾಣಸ್ತಾನಲ್ಲ?”

“ಮೂರೂ ಒಬ್ಬನಾಗ ಅದಾವ್ರಿ,” ಎಂದರು ಬಾಬಾಸಾಹೇಬರು. “ಹೊರಗಿನವ್ರೆಲ್ಲ ಬರೇ ಹೆಸರಿನವ್ರು. ಇಂವ ಅಸಲಿ.”

ಜ್ಯೋತೆಪ್ಪನವರು ಕಣ್ಣು ಕಿರಿದು ಮಾಡಿ ನೋಡಿದರು. ಮೂರು ಫಲಕಗಳ ಕೆಳಗೆ, ಇಸ್ತ್ರಿ ಮಾಡಿದ ಬಿಳಿ ನೆಹರು ಅಂಗಿಯಲ್ಲಿ, ಹಣೆಗೆ ಗಂಧ ಹಚ್ಚಿಸಿಕೊಂಡು, ತಲೆಗೆ ಗುಲಾಬಿ ಫೇಟಾ ಸುತ್ತಿಸಿಕೊಂಡು ಶಿದ್ರಾಮ ನಿಂತಿದ್ದ. ಅದೇ ಮುದುಕ ತಮ್ಮ ಬಿಳಿ ಕಾರಿಗೆ ಮೂರು ಸಲ ಗೇಟು ತೆರೆದಿದ್ದನೆಂದು ಅವರಿಗೆ ಗುರುತು ಹತ್ತಲಿಲ್ಲ. ಖಾಕಿಯ ಮೇಲಿನ ಮುಖವನ್ನು ಅವರು ಯಾವತ್ತೂ ನೋಡಿದವರಲ್ಲ.

ಬಾಬಾಸಾಹೇಬರು ಮೈಕು ಹಿಡಿದರು. ಮೊದಲ ಅಧ್ಯಾಯಕ್ಕೆ ನಲವತ್ತು ನಿಮಿಷ. ಮುಗಿದಾಗ ಶಿದ್ರಾಮನಿಗೆ ಒಂದು ಶಾಲು, ಒಂದು ತೆಂಗಿನಕಾಯಿ. ಎರಡನೆಯದಕ್ಕೆ ಐವತ್ತು ನಿಮಿಷ, ಇನ್ನೊಂದು ಶಾಲು, ಇನ್ನೊಂದು ಕಾಯಿ. ಮೂರನೆಯ ಶಾಲು ಬೀಳುವ ಹೊತ್ತಿಗೆ ಫೇಟಾದ ಕೆಳಗಿನಿಂದ ಬೆವರು ಇಳಿದು ಗಂಧ ಮೂಗಿಗೆ ಬಂದಿತ್ತು. ಮೂರು ಕಾಯಿ ಎದೆಗೆ ಅವುಚಿಕೊಂಡು ಅವನು ಭಾರವನ್ನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಬದಲಿಸುತ್ತಿದ್ದ.

“ನೋಡಿರಿ,” ಎಂದು ಬಾಬಾಸಾಹೇಬರು ಮೈಕಿನಲ್ಲಿ ಗುಡುಗಿದರು, “ಈ ವಯಸ್ಸಿನಲ್ಲೂ ಕಾಲಲ್ಲಿ ಲಯ ಹೇಗಿದೆ!”

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಅಂಜನಾಬಾಯಿ “ಅಯ್ಯ, ಮೊಣಕಾಲು!” ಎಂದದ್ದು ಅದರಲ್ಲಿ ಮುಳುಗಿತು. ಅವಳೂ ನಿಂತೇ ಇದ್ದಳು. ಹಿಂದಿನ ಸಾಲು ಎಂದರೆ ಕುರ್ಚಿಗಳು ಮುಗಿದ ಮೇಲಿನ ಜಾಗ.

ಕೊನೆಗೆ ನೇಮದ ಪುಟ. ಬಾಬಾಸಾಹೇಬರ ದನಿ ತಗ್ಗಿತು. ನಲವತ್ತು ವರ್ಷ, ಮಳೆಯೆನ್ನದೆ ಬಿಸಿಲೆನ್ನದೆ, ವಿದ್ಯೆಯ ಅಂಗಳದಲ್ಲಿ, ನಾದದ ಸನ್ನಿಧಿಯಲ್ಲಿ, ಬೆಳ್ಳಿತೆರೆಯ ನೆರಳಲ್ಲಿ ಈ ದೇಹ ಒಮ್ಮೆಯೂ ಆಸನವನ್ನು ಬಯಸಲಿಲ್ಲ. ಬಾಹುಬಲಿಗೆ ಬಳ್ಳಿ ಹಬ್ಬಿತ್ತು ಎಂದು ಶಾಸ್ತ್ರ ಹೇಳುತ್ತದೆ. ಇಲ್ಲಿ ನೋಡಿರಿ ಎಂದು ಅವರು ಬಾಗಿ ಶಿದ್ರಾಮನ ಪೈಜಾಮವನ್ನು ಒಂದು ಗೇಣು ಮೇಲೆತ್ತಿ, ಮೀನಖಂಡದ ಮೇಲಿನ ನೀಲಿ ನರಗಳನ್ನು ಸಭೆಗೆ ತೋರಿಸಿದರು. ಮುದುಕಿಯರು ಕೈಮುಗಿದರು. ಮೃಣಾಲ ಒಮ್ಮೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ತೆರೆದು ತಾಟಿನ ಕಡೆ ನೋಡಿದಳು.

ಜ್ಯೋತೆಪ್ಪನವರು ಧಾರಾಳವಾಗಿ ಅಳುತ್ತಿದ್ದರು. ಬಟಾಟೆಯನ್ನು ಹದಿನೈದು ದಿನ ಬಿಡಲಾರದ ಮನುಷ್ಯನ ಮುಂದೆ ನಲವತ್ತು ವರ್ಷ ಕುರ್ಚಿ ಬಿಟ್ಟವನು ನಿಂತಿದ್ದ. ಅವರು ಎದ್ದು ಬಂದು ತಾಟಿನಿಂದ ಅಡಿಕೆ, ಅಡಕೊತ್ತು ಎತ್ತಿಕೊಂಡರು. ಅಭಿಜಿತ ಕುರ್ಚಿಯ ತುದಿಗೆ ಸರಿದ. ಅಡಕೊತ್ತಿನ ಬಾಯಿ ತೆರೆಯಿತು, ಅಡಿಕೆ ನಡುವೆ ಕುಳಿತಿತು. ಆ ಮಂಟಪದಲ್ಲಿ ಆಗ ಅಡಿಕೆಗೂ ಕೂರಲು ಜಾಗವಿತ್ತು.

ಒತ್ತುವ ಮೊದಲು ಜ್ಯೋತೆಪ್ಪನವರಿಗೆ ಭಕ್ತಿ ಉಕ್ಕಿತು.

“ಬಾಬಾಸಾಹೇಬ, ಈ ಪುಣ್ಯದ ಹೊತ್ತಿನ್ಯಾಗ ನಾನೂ ಒಂದು ನೇಮ ಹಿಡೀತೇನಿ. ಇವರ ಕಡಿಂದನ ಹಿಡೀತೇನಿ.” ಮೈಕು ಎಳೆದುಕೊಂಡು ಶಿದ್ರಾಮನ ಮುಂದೆ ಬಾಗಿದರು. “ಅಜ್ಜಾರ, ಹೇಳ್ರಿ. ಕುಂದ್ರಬಾರದಂತ ಈ ಕಠಿಣ ನೇಮ ನೀವು ಯಾರ ಕಡೆ ತೊಗೊಂಡ್ರಿ? ಯಾಕ ತೊಗೊಂಡ್ರಿ?”

ಬಾಬಾಸಾಹೇಬರು ಮೈಕಿಗೆ ಕೈ ಚಾಚಿದರು. “ಫಲಾ... ಫಲಾ ಹೋಗತೈತ್ರಿ, ಹೇಳಬಾರದು...”

“ಹೋಗಲಿ ಬಿಡ್ರಿ. ಫಲಾ ನಾ ತುಂಬಿ ಕೊಡ್ತೇನಿ,” ಎಂದರು ಜ್ಯೋತೆಪ್ಪನವರು. ಅಡಕೊತ್ತು ತೆರೆದೇ ಇತ್ತು.

ನಾಲ್ಕು ನೂರು ಡಿಗ್ರಜೆಗಳು ಕುರ್ಚಿಗಳಲ್ಲಿ ಮುಂದೆ ಬಾಗಿದರು. ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಶಿದ್ರಾಮನನ್ನೇ ಕೇಳಿದವರು ಇವರೇ ಮೊದಲಿಗರು. ಅವನು ಮೂರು ಕಾಯಿಗಳನ್ನು ಎಡಗೈಗೆ ಒಟ್ಟಿಕೊಂಡ. ಜಾರುತ್ತಿದ್ದ ಶಾಲನ್ನು ಗದ್ದದಲ್ಲಿ ಒತ್ತಿ ಹಿಡಿದ. ದೊಡ್ಡವರು ಇಷ್ಟು ಪ್ರೀತಿಯಿಂದ ಕೇಳಿದಾಗ ಉತ್ತರ ಕೊಡದಿರುವುದು ಸರಿಯಲ್ಲವೆಂದು ಮೈಕಿನ ಹತ್ತಿರ ಬಾಯಿ ತಂದ.

“ನೇಮ ಏನೂ ಇಲ್ಲರಿ ಸಾಹೇಬ್ರ. ಕುಂದ್ರು ಅಂತ ಯಾರೂ ಅನ್ನಲಿಲ್ಲ. ಈಗ ಅಂದ್ರ ಕುಂದರತೇನ್ರಿ.”